ಹತ್ತನೇ ಕ್ಲಾಸಿನ ಮಗನಿಗೆ ಟಿಡಿ ಇಂಜೆಕ್ಷನ್ ಬೇಕಾ?

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನನ್ನ ಮಗ ಹತ್ತನೇ ಕ್ಲಾಸು, ಹದಿನಾರು ನಡೆಯುತ್ತಿದೆ. ಶಾಲೆಯಲ್ಲಿ ಟಿಡಿ ಇಂಜೆಕ್ಷನ್ ಕೊಡುತ್ತಾರಂತೆ, ಒಪ್ಪಿಗೆ ಚೀಟಿಗೆ ಸಹಿ ಹಾಕಿ ಕಳಿಸಿ ಎಂದಿದ್ದಾರೆ. ಚಿಕ್ಕವನಿದ್ದಾಗಿನ ಲಸಿಕೆ ಎಲ್ಲವನ್ನೂ ಹಾಕಿಸಿದ್ದೇವೆ. ಹತ್ತು ವರ್ಷಕ್ಕೆ ಒಂದು ಕೊಡುತ್ತಾರಂತಲ್ಲ, ಅದು ಆಗಲಿಲ್ಲ. ಆಗ ಕೊರೋನಾ, ಶಾಲೆಯೇ ಇರಲಿಲ್ಲ. ಎರಡು ವರ್ಷದ ಹಿಂದೆ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿ ಅಂಗೈ ಕೊಯ್ದುಕೊಂಡಿದ್ದ. ಪೇಟೆಯ ಕ್ಲಿನಿಕ್‌ನಲ್ಲಿ ಟಿಟಿ ಕೊಟ್ಟರು. ‘ಈಗ ಮತ್ತೆ ಯಾಕೆ? ಗಾಯ ಆದಾಗ ಹಾಕಿಸಿದರೆ ಸಾಕು’ ಎನ್ನುತ್ತಾರೆ ನಮ್ಮ ಮನೆಯವರು. ‘ಪರೀಕ್ಷೆ ವರ್ಷ, ಜ್ವರ ಬಂದರೆ ಯಾರು ಹೊಣೆ’ ಎನ್ನುತ್ತಾರೆ ಅತ್ತೆ. ಚೀಟಿ ಇನ್ನೂ ಅವನ ಬ್ಯಾಗಿನಲ್ಲೇ ಇದೆ. ಏನು ಮಾಡಲಿ?
— ಒಬ್ಬ ತಾಯಿ, ಸಾಗರ ತಾಲ್ಲೂಕು

ಉತ್ತರ: ಸಹಿ ಹಾಕಿ ಕಳಿಸಿ ತಾಯಿ. ಟಿಟಿ ಎಂದರೆ ಧನುರ್ವಾಯುವಿನ (ಟೆಟನಸ್) ಲಸಿಕೆ, ಟಿಡಿಯಲ್ಲಿ ಅದರ ಜೊತೆ ಗಂಟಲಮಾರಿಯದ್ದೂ ಇದೆ. ಈ ಸಂಚಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ಶಾಲೆಯ ದಿನ ಮುಗಿದಿದ್ದರೆ ಯೋಚನೆ ಬೇಡ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಲಸಿಕೆ ಹಾಕುವ ದಿನ ಕರೆದುಕೊಂಡು ಹೋಗಿ. ನಮ್ಮಲ್ಲಿ ಅದು ಸಾಮಾನ್ಯವಾಗಿ ಗುರುವಾರ. ದುಡ್ಡು ಕೊಡಬೇಕಾಗಿಲ್ಲ.

ನಿಮ್ಮ ಮನೆಯವರ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ನೌಕರಿ ಮಾಡಿದ ಅಷ್ಟೂ ಕಾಲ ನಾನು ಅತಿ ಹೆಚ್ಚು ಕೇಳಿದ ಮಾತು ಅದು. ‘ಗಾಯ ಆದಾಗ ಹಾಕಿಸಿದರೆ ಸಾಕು.’ ಸಾಲುವುದಿಲ್ಲ. ಆ ಇಂಜೆಕ್ಷನ್ ಔಷಧಿಯಲ್ಲ, ಲಸಿಕೆ. ಹಾಕಿದ ತಕ್ಷಣ ಅದೇ ಹೋಗಿ ರೋಗಾಣುವನ್ನು ಕೊಲ್ಲುವುದಿಲ್ಲ. ಅದನ್ನು ನೋಡಿ ನಮ್ಮ ಮೈ ತಾನೇ ರಕ್ಷಣೆ ತಯಾರಿಸಿಕೊಳ್ಳಬೇಕು. ಮೊದಲೇ ಸರಿಯಾಗಿ ಡೋಸ್ ತೆಗೆದುಕೊಂಡ ಮೈಗೆ ಹಳೆಯ ನೆನಪಿರುತ್ತದೆ, ಕೆಲವೇ ದಿನಗಳಲ್ಲಿ ರಕ್ಷಣೆ ಏರುತ್ತದೆ. ಯಾವತ್ತೂ ಲಸಿಕೆ ಕಾಣದವರಿಗೆ ಗಾಯದ ದಿನ ಕೊಟ್ಟ ಒಂದು ಟಿಟಿಯಿಂದ ಆ ಗಾಯದ ಮಟ್ಟಿಗೆ ಉಪಯೋಗವೇ ಇಲ್ಲ ಎನ್ನಬಹುದು. ಧನುರ್ವಾಯು ಗಾಯವಾದ 3ರಿಂದ 21 ದಿನದೊಳಗೆ ಬರುತ್ತದೆ, ಸರಾಸರಿ ಎಂಟು ದಿನ. ಮೊದಲ ಡೋಸಿಗೆ ಮೈ ಅಷ್ಟು ಬೇಗ ತಯಾರಾಗುವುದಿಲ್ಲ. ಹಾಗಾಗಿ ಅಂಥವರ ಗಾಯ ಕೊಳಕಾಗಿದ್ದರೆ ಲಸಿಕೆಯ ಜೊತೆಗೆ ಟೆಟನಸ್ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ರಕ್ಷಣೆಯನ್ನೂ ಕೊಡಬೇಕಾಗುತ್ತದೆ. ಅದು ಎಲ್ಲ ಕಡೆ ಸಿಗುವುದಿಲ್ಲ, ಬೆಲೆಯೂ ಜಾಸ್ತಿ.

ಇನ್ನೊಂದು ಮಾತಿದೆ. ಗಾಯ ದೊಡ್ಡದಾದರೆ ಆಸ್ಪತ್ರೆಗೆ ಓಡುತ್ತೇವೆ. ಚಿಕ್ಕದಾದರೆ? ಹದಿನಾರರ ಹುಡುಗ ಕಾಲಿಗೆ ಮುಳ್ಳು ಚುಚ್ಚಿದ್ದನ್ನು ಅಮ್ಮನಿಗೆ ಹೇಳುತ್ತಾನಾ? ಸೇಫ್ಟಿ ಪಿನ್ನಿನಲ್ಲಿ ತಾನೇ ಕೆದಕಿ ತೆಗೆದು, ಗೇರುಬೀಜ ಹೆಕ್ಕಲು ಹೋಗುತ್ತಾನೆ. ಧನುರ್ವಾಯುವಿನ ರೋಗಾಣುವಿಗೆ ಬೇಕಾದ ಗಾಯ ಅಂಥದ್ದೇ. ಬಾಯಿ ಚಿಕ್ಕದು, ಒಳಗೆ ಆಳ, ಗಾಳಿ ಆಡುವುದಿಲ್ಲ. ಗಾಳಿ ಇಲ್ಲದ ಕಡೆಯೇ ಅದು ಬೆಳೆಯುವುದು. ತುಕ್ಕು ಹಿಡಿದ ಮೊಳೆಯಿಂದ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ತುಕ್ಕಿನಲ್ಲಿ ಏನೂ ಇಲ್ಲ. ಮಣ್ಣಿನಲ್ಲಿ, ಸಗಣಿಯಲ್ಲಿ, ಕೊಟ್ಟಿಗೆ ಗೊಬ್ಬರದಲ್ಲಿ ಅದರ ಬೀಜಕಣಗಳು ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತವೆ. ಬಿಸಿಲಿಗೆ ಸಾಯುವುದಿಲ್ಲ, ಕತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದರೂ ಸಾಯುವುದಿಲ್ಲ. ಹೊಸ ಸ್ಟೀಲ್ ಕತ್ತಿಯ ತುದಿಗೆ ತೋಟದ ಮಣ್ಣು ಅಂಟಿದ್ದರೂ ಸಾಕು. ದನ ಕಟ್ಟುವ, ಗೊಬ್ಬರ ಹೊರುವ, ಸೊಪ್ಪು ಕಡಿಯುವ ಮನೆಯಲ್ಲಿ ಮಣ್ಣಿನಿಂದ ಮಕ್ಕಳನ್ನು ದೂರ ಇಡುವುದು ಆಗದ ಮಾತು. ಇಡಬೇಕಾಗಿಯೂ ಇಲ್ಲ. ಲಸಿಕೆ ಹಾಕಿಸಿ, ತೋಟಕ್ಕೆ ಹೋಗಲಿ ಬಿಡಿ.

ಈಗ ನಿಮ್ಮ ಮಗನ ಲೆಕ್ಕಕ್ಕೆ ಬರೋಣ. ನಮ್ಮ ದೇಶದ ಪಟ್ಟಿ ಹೀಗಿದೆ: ಮಗುವಿಗೆ 6, 10, 14 ವಾರಕ್ಕೆ ಮೂರು ಡೋಸ್. ಒಂದೂವರೆ ವರ್ಷದ ಹೊತ್ತಿಗೆ ಒಂದು ಬೂಸ್ಟರ್, 5–6 ವರ್ಷಕ್ಕೆ ಇನ್ನೊಂದು. ಆಮೇಲೆ 10 ವರ್ಷಕ್ಕೆ ಒಂದು, 16ಕ್ಕೆ ಒಂದು. ಲಸಿಕೆ ಹಾಕಲು ಶಾಲೆಗೆ ಬರುವ ಆರೋಗ್ಯ ಕೇಂದ್ರದವರು ಐದನೇ ಮತ್ತು ಹತ್ತನೇ ಕ್ಲಾಸನ್ನು ಹಿಡಿಯುವುದು ಇದಕ್ಕೇ. ನಿಮ್ಮ ಮಗನ ತಾಯಿ ಕಾರ್ಡ್ ಇದ್ದರೆ ತೆಗೆದು ನೋಡಿ. ಅವನ ವಯಸ್ಸಿನವರ ಕಾರ್ಡಿನಲ್ಲಿ ಡಿಪಿಟಿ ಎಂದು ಇರುತ್ತದೆ, ಈಗಿನ ಕೂಸುಗಳ ಕಾರ್ಡಿನಲ್ಲಿ ಪೆಂಟಾವೇಲೆಂಟ್ ಎಂದಿರುತ್ತದೆ. ಎರಡರಲ್ಲೂ ಧನುರ್ವಾಯುವಿನ ಲಸಿಕೆ ಇದೆ. ಮಗ ಐದು ವರ್ಷದವನಿದ್ದಾಗಿನ ಬೂಸ್ಟರ್ ಎದುರು ತಾರೀಖು ಇದೆಯೇ ಎಂದು ಮುಖ್ಯವಾಗಿ ನೋಡಿ. ಒಂದೂವರೆ ವರ್ಷದ ತನಕ ತಪ್ಪದೆ ಬಂದ ಎಷ್ಟೋ ತಾಯಂದಿರು ಅದನ್ನು ಮರೆಯುತ್ತಾರೆ. ಮಗುವನ್ನು ಶಾಲೆಗೆ ಸೇರಿಸುವ ಗಡಿಬಿಡಿ, ಅವರ ತಪ್ಪು ಎನ್ನಲಾರೆ.

ಹತ್ತು ವರ್ಷದ ಡೋಸ್ ತಪ್ಪಿತು ಎಂದಿದ್ದೀರಿ. 2020ರಲ್ಲಿ ಹತ್ತು ತುಂಬಿದ ಮಕ್ಕಳಲ್ಲಿ ಇದು ಅಪರೂಪವಲ್ಲ. ಶಾಲೆ ಮುಚ್ಚಿತ್ತು, ಆರೋಗ್ಯ ಕೇಂದ್ರದವರೆಲ್ಲ ಕೊರೋನಾ ಕೆಲಸದಲ್ಲಿದ್ದರು. ಆ ಮಕ್ಕಳೇ ಈಗ ಹತ್ತನೇ ಕ್ಲಾಸು, ಪಿಯುಸಿಯಲ್ಲಿ ಇದ್ದಾರೆ. ಈ ಅಂಕಣ ಓದುವ ಬೇರೆ ತಾಯ್ತಂದೆಯರೂ ಒಮ್ಮೆ ಕೂತು ನೋಡಿಕೊಳ್ಳಿ. ಮೊದಲಿನ ಡೋಸ್‌ಗಳೆಲ್ಲ ಆಗಿದ್ದು ನಡುವೆ ಒಂದು ಬಿಟ್ಟುಹೋಗಿದ್ದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಈಗಿನದನ್ನು ಹಾಕಿಸಿ ಮುಂದೆ ಹೋಗುವುದು.

ಹಾಗಾದರೆ ಎರಡು ವರ್ಷದ ಹಿಂದೆ ಕ್ಲಿನಿಕ್‌ನಲ್ಲಿ ಹಾಕಿಸಿದ ಟಿಟಿ ಲೆಕ್ಕಕ್ಕಿಲ್ಲವೇ? ಇದೆ. ಧನುರ್ವಾಯುವಿನ ಮಟ್ಟಿಗೆ ನಿಮ್ಮ ಹುಡುಗ ಈಗ ಗಟ್ಟಿಯಾಗಿಯೇ ಇದ್ದಾನೆ. ಆದರೆ ಟಿಟಿಯಲ್ಲಿ ಇರುವುದು ಅದೊಂದೇ. ಶಾಲೆಯಲ್ಲಿ ಕೊಡುವ ಟಿಡಿಯಲ್ಲಿ ಗಂಟಲಮಾರಿಯ, ಅಂದರೆ ಡಿಫ್ತೀರಿಯಾದ ಲಸಿಕೆಯೂ ಸೇರಿದೆ. ಸರ್ಕಾರ 2019ರಿಂದ ಟಿಟಿ ಬಿಟ್ಟು ಟಿಡಿಗೆ ಬಂದದ್ದಕ್ಕೆ ಕಾರಣ ಇದೇ. ಕೂಸಿನಲ್ಲಿ ಕೊಟ್ಟ ಡಿಫ್ತೀರಿಯಾ ರಕ್ಷಣೆ ಶಾಲೆಯ ವಯಸ್ಸಿಗೆ ಬರುವಾಗ ತೆಳ್ಳಗಾಗುತ್ತದೆ. ಹಾಗಾಗಿ ದೊಡ್ಡ ಮಕ್ಕಳಲ್ಲಿ ರೋಗ ಕಾಣಿಸಿಕೊಳ್ಳತೊಡಗಿತ್ತು. 2016ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಡಿಫ್ತೀರಿಯಾ ಎದ್ದಾಗ ಹದಿಹರೆಯದವರೂ ಅದಕ್ಕೆ ಸಿಕ್ಕಿದ್ದರು. ನಮ್ಮ ಉತ್ತರ ಕರ್ನಾಟಕದಲ್ಲೂ ಈ ರೋಗ ಪೂರ್ತಿ ಹೋಗಿಲ್ಲ. ನಿಮ್ಮ ಮಗನಿಗೆ ಡಿಫ್ತೀರಿಯಾದ ಕೊನೆಯ ಡೋಸ್ ಬಿದ್ದದ್ದು ಐದು ವರ್ಷಕ್ಕೆ. ಅಲ್ಲಿಂದೀಚೆಗೆ ಏನೂ ಇಲ್ಲ. ಚೀಟಿಗೆ ಸಹಿ ಹಾಕಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದು ಅರ್ಧ ಕಾರಣ. ಎರಡು ವರ್ಷದ ಹಿಂದೆ ಟಿಟಿ ಆಗಿರುವುದರಿಂದ ತೋಳಿನ ಊತ ಸ್ವಲ್ಪ ಜಾಸ್ತಿ ಆಗಬಹುದು, ಅಷ್ಟೇ. ಸಿಸ್ಟರಿಗೆ ಆ ವಿಷಯ ಹೇಳಿ.

ಅಂದ ಹಾಗೆ, ಚರ್ಮ ಸ್ವಲ್ಪ ತರಚಿದರೂ ಒಂದು ಟಿಟಿ, ಆರು ತಿಂಗಳಾಯಿತು ಎಂದು ಇನ್ನೊಂದು ಟಿಟಿ, ಈ ಅಭ್ಯಾಸ ನಮ್ಮ ಊರುಗಳಲ್ಲಿ ಬಹಳ ಇದೆ. ಬೇಡ. ನೆನಪಿಟ್ಟುಕೊಳ್ಳಲು ಎರಡೇ ಅಂಕಿ ಸಾಕು. ಮೂರು ಅಥವಾ ಹೆಚ್ಚು ಡೋಸ್ ಆಗಿರುವವರಿಗೆ ಸ್ವಚ್ಛವಾದ ಚಿಕ್ಕ ಗಾಯವಾದರೆ, ಕೊನೆಯ ಡೋಸ್ ಆಗಿ 10 ವರ್ಷ ಕಳೆದಿದ್ದರೆ ಮಾತ್ರ ಇಂಜೆಕ್ಷನ್ ಬೇಕು. ಮಣ್ಣು, ಸಗಣಿ ತಾಗಿದ ಗಾಯ, ಆಳವಾಗಿ ಚುಚ್ಚಿದ ಗಾಯ, ಸುಟ್ಟ ಗಾಯವಾದರೆ 5 ವರ್ಷ ಕಳೆದಿದ್ದರೆ ಬೇಕು. ಅದಕ್ಕಿಂತ ಮೊದಲೇ ಪದೇಪದೇ ಚುಚ್ಚಿಸಿಕೊಂಡರೆ ರಕ್ಷಣೆ ಹೆಚ್ಚುವುದಿಲ್ಲ, ತೋಳು ಮೊಣಕೈವರೆಗೂ ಬಾತುಕೊಂಡು ನೋಯುತ್ತದೆ. ಹಾಗೆ ಬಾತ ತೋಳನ್ನು ತೋರಿಸಲು ಬಂದವರನ್ನು ನಾನು ನೋಡಿದ್ದೇನೆ. ಹುಡುಗನ ಇಂಜೆಕ್ಷನ್ ತಾರೀಖನ್ನು ಬರೆದಿಡಿ ಎಂದು ನಾನು ಗೋಗರೆಯುವುದು ಇದಕ್ಕೇ. ಗಾಯವಾಗಿ ಬಂದವರನ್ನು ‘ಕೊನೆಯ ಇಂಜೆಕ್ಷನ್ ಯಾವಾಗ’ ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಾರೆ, ಡಾಕ್ಟರು ಇನ್ನೊಂದು ಕೊಡದೆ ಇನ್ನೇನು ಮಾಡಿಯಾರು?

ಅತ್ತೆಯವರ ಭಯ ನ್ಯಾಯವಾದದ್ದು. ಎಸ್ಸೆಸ್ಸೆಲ್ಸಿ ವರ್ಷ. ಅವರಿಗೆ ಹೀಗೆ ಹೇಳಿ: ತೋಳು ಒಂದೆರಡು ದಿನ ನೋಯುತ್ತದೆ, ಕೆಲವರಿಗೆ ಮೈ ಬೆಚ್ಚಗಾಗುತ್ತದೆ, ಒಂದು ಪ್ಯಾರಾಸಿಟಮಾಲ್‌ನಲ್ಲಿ ಇಳಿಯುತ್ತದೆ. ಬರೆಯದ ಕೈಗೆ ಹಾಕಿ ಎಂದು ಹುಡುಗ ಕೇಳಿಕೊಳ್ಳಲಿ. ಮಾರನೇ ದಿನ ಪರೀಕ್ಷೆ ಇಲ್ಲದಂತೆ ನೋಡಿಕೊಳ್ಳಿ. ನೆಗಡಿ, ಸಣ್ಣ ಕೆಮ್ಮು ಇದ್ದರೆ ಅಡ್ಡಿಯಿಲ್ಲ. ಜೋರು ಜ್ವರ ಇದ್ದರೆ ಇಳಿದ ಮೇಲೆ. ಹಿಂದೆ ಇದೇ ಲಸಿಕೆ ಹಾಕಿದಾಗ ಮುಖ ಬಾತು, ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದ್ದಿದ್ದರೆ ಮಾತ್ರ ಹಾಕಿಸದೆ ಮೊದಲು ಡಾಕ್ಟರಿಗೆ ಹೇಳಬೇಕು.

ಧನುರ್ವಾಯು ಹೇಗಿರುತ್ತದೆ ಎಂದು ಈಗಿನ ತಾಯಂದಿರು ನೋಡಿಲ್ಲ. ನೋಡದೆ ಇರುವುದೇ ಲಸಿಕೆಯ ದೊಡ್ಡ ಕೆಲಸ. ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿತು ಎಂದು 2015ರಲ್ಲಿ ಘೋಷಣೆಯಾಯಿತು. ಮೊದಲು ಹಳ್ಳಿಗಳಲ್ಲಿ ಎಷ್ಟು ಕೂಸುಗಳು ಏಳೆಂಟು ದಿನಕ್ಕೆ ಹಾಲು ಚೀಪುವುದು ಬಿಟ್ಟು, ಸೆಟೆದು ಹೋಗುತ್ತಿದ್ದವು ಎಂದು ನಿಮ್ಮ ಅತ್ತೆಯವರನ್ನೇ ಕೇಳಿ.

ನಾನು ನೋಡಿದ್ದೇನೆ, ಹಾಗಾಗಿ ಬರೆಯುತ್ತೇನೆ. ಹೌಸ್ ಸರ್ಜನ್ ಆಗಿದ್ದಾಗ ನಮ್ಮ ಜಿಲ್ಲಾಸ್ಪತ್ರೆಯ ಮೂಲೆಯಲ್ಲಿ ಒಂದು ಕೋಣೆ ಇತ್ತು. ಕಿಟಕಿಗೆಲ್ಲ ಕಪ್ಪು ಬಟ್ಟೆ. ಧನುರ್ವಾಯುವಿನವರನ್ನು ಅಲ್ಲಿ ಮಲಗಿಸುತ್ತಿದ್ದರು. ಬೆಳಕು, ಸದ್ದು, ಮುಟ್ಟುವುದು, ಯಾವುದರಿಂದ ಬೇಕಾದರೂ ಸೆಳೆತ ಬರಬಹುದು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನಿದ್ದ. ಮೈಮೇಲೆ ಎಲ್ಲೂ ಗಾಯವಿಲ್ಲ. ಹುಡುಕಿ ಹುಡುಕಿ ಕೊನೆಗೆ ಕಿವಿ ನೋಡಿದರೆ ಕೀವು. ಚಿಕ್ಕಂದಿನಿಂದ ಕಿವಿ ಸೋರುತ್ತಿತ್ತಂತೆ, ಕಡ್ಡಿ ಹಾಕಿ ಕೆರೆದುಕೊಳ್ಳುತ್ತಿದ್ದನಂತೆ. ಮೊದಲು ಬಾಯಿ ತೆರೆಯಲು ಆಗಲಿಲ್ಲ. ಹಲ್ಲುನೋವು ಎಂದುಕೊಂಡು ಮನೆಯವರು ಲವಂಗದ ಎಣ್ಣೆ ಹಚ್ಚಿದ್ದರು. ಆಮೇಲೆ ಕುತ್ತಿಗೆ ಬಿಗಿಯಿತು, ಹೊಟ್ಟೆ ಹಲಗೆಯ ಹಾಗಾಯಿತು. ಹೊರಗೆ ಯಾರೋ ಸ್ಟೀಲ್ ತಟ್ಟೆ ಬೀಳಿಸಿದರೆ ಸಾಕು, ಹಿಮ್ಮಡಿ ಮತ್ತು ತಲೆ ಮಾತ್ರ ಹಾಸಿಗೆಗೆ ತಾಗಿ ಬೆನ್ನು ಮೇಲೇಳುತ್ತಿತ್ತು. ಇದರಲ್ಲಿ ಪ್ರಜ್ಞೆ ತಪ್ಪುವುದಿಲ್ಲ ತಾಯಿ. ಫಿಟ್ಸ್ ಬಂದವರಿಗೆ ಎಚ್ಚರ ಇರುವುದಿಲ್ಲ, ಇವರಿಗೆ ಪೂರ್ತಿ ಎಚ್ಚರ ಇರುತ್ತದೆ. ಅವನು ಬೆವರುತ್ತಾ ನಮ್ಮ ಕಣ್ಣನ್ನೇ ನೋಡುತ್ತಿದ್ದ. ಆ ಹುಡುಗ ಉಳಿದ. ವಾರಗಟ್ಟಲೆ ಬೇಕಾಯಿತು. ಪಕ್ಕದ ಹಾಸಿಗೆಯವರು ಉಳಿಯಲಿಲ್ಲ.

ಈಗ ವೆಂಟಿಲೇಟರ್ ಇದೆ, ಒಳ್ಳೆಯ ಔಷಧಿಗಳಿವೆ. ಆದರೂ ಒಳ್ಳೆಯ ಐಸಿಯುನಲ್ಲಿ ಕೂಡ ಹತ್ತು ಜನರಲ್ಲಿ ಒಬ್ಬಿಬ್ಬರು ಕೈ ತಪ್ಪುತ್ತಾರೆ. ನರಕ್ಕೆ ಹಿಡಿದ ವಿಷವನ್ನು ಬಿಡಿಸುವ ಔಷಧಿ ಇಲ್ಲ, ಅದು ತಾನಾಗಿ ಇಳಿಯುವ ತನಕ ಉಸಿರು ನಡೆಸಿಕೊಂಡು ಕಾಯಬೇಕು. ಉಳಿದವರಿಗೂ ಆಮೇಲೆ ಲಸಿಕೆ ಹಾಕಲೇಬೇಕು. ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ ಎನ್ನುವ ರೋಗ ಇದಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವ ರೋಗವೂ ಅಲ್ಲ. ಹಾಗಾಗಿ ಊರಿನ ಮಕ್ಕಳೆಲ್ಲ ಹಾಕಿಸಿಕೊಂಡರು, ನಮ್ಮವನೊಬ್ಬ ಬಿಟ್ಟರೂ ನಡೆಯುತ್ತದೆ ಎನ್ನುವಂತಿಲ್ಲ. ಇದರಲ್ಲಿ ಅವರವರ ಮೈಗೆ ಅವರವರ ಲಸಿಕೆಯೇ ಕಾವಲು.

ಖಾಸಗಿ ಮಕ್ಕಳ ಡಾಕ್ಟರು ಟಿಡ್ಯಾಪ್ ಎಂದು ಬರೆದುಕೊಟ್ಟರೆ ಗಾಬರಿಯಾಗಬೇಡಿ. ಅದರಲ್ಲಿ ಇವೆರಡರ ಜೊತೆ ನಾಯಿಕೆಮ್ಮಿನ ಲಸಿಕೆಯೂ ಇದೆ. ಒಳ್ಳೆಯದೇ, ಆದರೆ ಸಾವಿರ ರೂಪಾಯಿ ಮೀರುತ್ತದೆ. ಆಗದಿದ್ದರೆ ಬಿಟ್ಟಿ ಸಿಗುವ ಟಿಡಿಯನ್ನು ಹಾಕಿಸಿ, ಮನಸ್ಸಿನಲ್ಲಿ ಕೊರಗು ಇಟ್ಟುಕೊಳ್ಳಬೇಡಿ.

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕಿ. ಹೋದ ವರ್ಷ ಟಿಡಿ ಹಾಕಿದ ದಿನ ಒಬ್ಬಳು ಹುಡುಗಿ ತಲೆ ಸುತ್ತಿ ಬಿದ್ದಳು. ಅವಳನ್ನು ನೋಡಿ ಇನ್ನೂ ನಾಲ್ಕೈದು ಜನ ಬಿದ್ದರು. ಪೋಷಕರು ಗಲಾಟೆ ಮಾಡಿದರು. ‘ಹೆಣ್ಣುಮಕ್ಕಳಿಗೆ ಮಕ್ಕಳಾಗದ ಹಾಗೆ ಮಾಡುವ ಇಂಜೆಕ್ಷನ್’ ಎಂದು ಒಬ್ಬರು ವಾಟ್ಸಾಪ್‌ನಲ್ಲಿ ಹಾಕಿದರು. ಈ ವರ್ಷ ನನಗೇ ಅಳುಕು.
— ಶಿಕ್ಷಕಿ, ಚಾಮರಾಜನಗರ ಜಿಲ್ಲೆ

ಉತ್ತರ: ಮೇಡಂ, ಆ ಮಕ್ಕಳು ಬಿದ್ದದ್ದು ಸುಳ್ಳಲ್ಲ, ನಟನೆಯೂ ಅಲ್ಲ. ಹದಿಹರೆಯದಲ್ಲಿ ಸೂಜಿಯ ಹೆದರಿಕೆಗೆ ರಕ್ತದೊತ್ತಡ ದಢಕ್ಕನೆ ಇಳಿದು ತಲೆ ಸುತ್ತುವುದು ಸಾಮಾನ್ಯ. ಒಬ್ಬರನ್ನು ನೋಡಿ ಇನ್ನೊಬ್ಬರಿಗೆ ಆಗುವುದೂ ಸಾಮಾನ್ಯ, ಬೇರೆ ದೇಶಗಳಲ್ಲೂ ಆಗಿದೆ. ಬಾಟಲಿಯಲ್ಲಿ ಇದ್ದುದರಿಂದ ಹಾಗಾಗುವುದಲ್ಲ.

ನೀವು ಮಾಡಬಹುದಾದದ್ದು ಬಹಳ ಇದೆ. ಲಸಿಕೆ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದ ತಕ್ಷಣ, ಯಾರು ತಿಂಡಿ ತಿಂದಿಲ್ಲ ಎಂದು ಕೇಳಿ, ಅವರಿಗೆ ಮೊದಲು ಏನಾದರೂ ತಿನ್ನಿಸಿ. ವರಾಂಡದಲ್ಲಿ ಉದ್ದ ಸಾಲು ನಿಲ್ಲಿಸಬೇಡಿ. ಐದೈದು ಜನರನ್ನು ಒಳಗೆ ಕರೆದು, ಹಾಕಿಸಿಕೊಳ್ಳುವುದು ಹೊರಗಿನವರಿಗೆ ಕಾಣದ ಹಾಗೆ ಮಾಡಿ. ಕೂರಿಸಿಯೇ ಹಾಕಲಿ. ಹಾಕಿಸಿಕೊಂಡವರು ಅರ್ಧ ಗಂಟೆ ಬೇರೆ ಕೋಣೆಯಲ್ಲಿ ಕೂರಲಿ, ಒಬ್ಬರು ಜೊತೆಗಿರಲಿ. ತಲೆ ಸುತ್ತಿದವರನ್ನು ಮಲಗಿಸಿ ಕಾಲು ಎತ್ತರಿಸಿದರೆ ಕೆಲವೇ ನಿಮಿಷದಲ್ಲಿ ಸರಿಹೋಗುತ್ತಾರೆ. ಹಾಗೆ ಸರಿಹೋಗದೆ ಮೈಮೇಲೆ ದದ್ದು ಎದ್ದರೆ, ಉಸಿರಾಡಲು ಕಷ್ಟವಾದರೆ ಅದು ಬೇರೆ. ಆಗ ಸಿಸ್ಟರನ್ನು ತಕ್ಷಣ ಕರೆಯಿರಿ, ಅವರ ಕಿಟ್‌ನಲ್ಲಿ ಅಡ್ರಿನಲಿನ್ ಇರುತ್ತದೆ.

ಮುಟ್ಟಾಗಿರುವ ಹುಡುಗಿಯರೂ ಹಾಕಿಸಿಕೊಳ್ಳಬಹುದು. ಇದನ್ನು ಗಂಡಸರ ಎದುರು ಅವರು ಕೇಳುವುದಿಲ್ಲ. ನೀವಾಗಿಯೇ ಹೇಳಿಬಿಡಿ. ಮಕ್ಕಳಾಗುವುದಿಲ್ಲ ಎಂಬ ಮಾತಿಗೆ ಉತ್ತರ ಆ ಪೋಷಕರ ಮನೆಯಲ್ಲೇ ಇದೆ. ಬಸುರಿ ಎಂದು ಗೊತ್ತಾದ ಕೂಡಲೇ ಆರೋಗ್ಯ ಕೇಂದ್ರದಲ್ಲಿ ಕೊಡುವುದು ಇದೇ ಇಂಜೆಕ್ಷನ್. ಅದೇ ಶಾಲೆಯ ಮಕ್ಕಳ ತಾಯಂದಿರು ಬಸಿರಿನಲ್ಲಿ ಟಿಟಿ ಹಾಕಿಸಿಕೊಂಡೇ ಇವರನ್ನು ಹೆತ್ತದ್ದು. ಆ ತಾಯಂದಿರನ್ನೇ ಒಂದು ದಿನ ಮುಂಚೆ ಸಭೆಗೆ ಕರೆದು ಕೇಳಿ ನೋಡಿ, ನಿಮ್ಮ ಕೆಲಸ ಅರ್ಧ ಮುಗಿಯುತ್ತದೆ.

ಪ್ರಶ್ನೆ: ಹದಿಮೂರು ವರ್ಷದ ಮಗಳಿಗೆ ಬೀದಿನಾಯಿ ಕಚ್ಚಿತು, ರಕ್ತ ಬಂತು. ಮೆಡಿಕಲ್ ಶಾಪಿನಲ್ಲಿ ಕೇಳಿ ಟಿಟಿ ಹಾಕಿಸಿದೆವು. ಅರಿಶಿನ, ಸುಣ್ಣ ಹಚ್ಚಿದ್ದೇವೆ. ಗಾಯ ಒಣಗುತ್ತಿದೆ. ಇಷ್ಟು ಸಾಕಲ್ವಾ?
— ಓದುಗ, ಹಾವೇರಿ ಜಿಲ್ಲೆ

ಉತ್ತರ: ಸಾಲದು. ಈ ಪತ್ರ ಅಚ್ಚಾಗುವ ತನಕ ಕಾಯುವಂತಿರಲಿಲ್ಲ. ಸಂಪಾದಕರಿಗೆ ಹೇಳಿ ನಿಮಗೆ ಫೋನ್ ಮಾಡಿಸಿದ್ದೇನೆ, ಮಗಳಿಗೆ ರೇಬೀಸ್ ಲಸಿಕೆ ಶುರುವಾಗಿದೆ ಎಂದು ಕೇಳಿ ಜೀವ ಬಂತು. ಬೇರೆಯವರಿಗಾಗಿ ಇಲ್ಲಿ ಬರೆಯುತ್ತೇನೆ. ಟಿಟಿಗೂ ರೇಬೀಸಿಗೂ ಸಂಬಂಧವೇ ಇಲ್ಲ. ನಾಯಿ ಕಚ್ಚಿದ ಗಾಯಕ್ಕೆ ಡೋಸ್ ಲೆಕ್ಕ ನೋಡಿ ಟಿಡಿ ಬೇಕಾಗಬಹುದು, ಆದರೆ ರೇಬೀಸ್ ಲಸಿಕೆ ಬೇರೆಯೇ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಉಳಿಸಿಕೊಳ್ಳಲು ದಾರಿಯೇ ಇಲ್ಲ ಎನ್ನಬೇಕು. ಕಚ್ಚಿದ ತಕ್ಷಣ ನಲ್ಲಿ ಕೆಳಗೆ ಹಿಡಿದು ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ, ಸೀಮೆಎಣ್ಣೆ ಏನೂ ಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7, 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಹಾಕುವ ರೇಬೀಸ್ ಇಮ್ಯುನೊಗ್ಲಾಬ್ಯುಲಿನ್ ಕೂಡ ಕೇಳಿ ಹಾಕಿಸಿ. ಕಚ್ಚಿ ಎಷ್ಟೋ ದಿನ ಕಳೆದಿದ್ದರೂ ‘ಇನ್ನೇನು ತಡವಾಯಿತು’ ಎಂದು ಬಿಡಬೇಡಿ, ಹೋಗಿ.

ಪ್ರಶ್ನೆ: ಮಕ್ಕಳ ಮಾತಾಯಿತು. ನನಗೆ 58. ನೆನಪಿರುವಂತೆ ಯಾವ ಲಸಿಕೆಯೂ ಆಗಿಲ್ಲ. ದಿನಾ ಗದ್ದೆ ಕೆಲಸ. ಈ ವಯಸ್ಸಿನಲ್ಲಿ ಬೇಕೇ?
— ಒಬ್ಬ ರೈತ, ಮಂಡ್ಯ ಜಿಲ್ಲೆ

ಉತ್ತರ: ಬೇಕು ಅಣ್ಣಾ. ನಿಮಗೆ ಟಿಡಿಯ ಮೂರು ಡೋಸ್. ಇವತ್ತು ಒಂದು, ನಾಲ್ಕು ವಾರ ಬಿಟ್ಟು ಇನ್ನೊಂದು, ಅದಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಮೂರನೆಯದು. ಆಮೇಲೆ ಹತ್ತು ವರ್ಷಕ್ಕೊಮ್ಮೆ ಒಂದು ಸಾಕು. ಮೂರನೆಯದನ್ನೇ ಜನ ಮರೆಯುವುದು. ಮೊದಲ ಡೋಸ್ ದಿನವೇ ಮೂರರ ತಾರೀಖನ್ನೂ ಸಿಸ್ಟರ್ ಕೈಯಲ್ಲಿ ಬರೆಸಿಕೊಂಡು ಬನ್ನಿ. ನಿಮ್ಮ ಮನೆಯವರಿಗೂ ಬಸಿರಿನಲ್ಲಿ ಹಾಕಿದ ಟಿಟಿ ಬಿಟ್ಟರೆ ಏನೂ ಆಗಿರಲಿಕ್ಕಿಲ್ಲ, ಅವರೂ ನಿಮ್ಮ ಜೊತೆ ಗದ್ದೆಗೆ ಇಳಿಯುತ್ತಾರಲ್ಲ. ಹೋಗುವಾಗ ಇಬ್ಬರೂ ಹೋಗಿ.